ಟ್ರಾನ್ಸಿಸ್ಟರ್ ಬಯಾಸ್ ಕೆಟ್ಟಾಗ ದೋಷ ಹಿಡಿಯುವುದು ಹೇಗೆ

ಆಂಪ್ಲಿಫೈಯರ್ ಸ್ಟೇಜ್ (ಒಂದು ಟ್ರಾನ್ಸಿಸ್ಟರ್ ಮತ್ತು ಅದರ ಸುತ್ತಲಿನ ಭಾಗಗಳು) ಒಂದು ಕೈಕೊಟ್ಟರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಟ್ರಾನ್ಸಿಸ್ಟರ್ ಕಿತ್ತು ಹೊಸದು ಹಾಕುವುದು. ಕೆಲವೊಮ್ಮೆ ಸರಿಹೋಗುತ್ತದೆ ಕೂಡ. ಹಳೆಯ ಟ್ರಾನ್ಸಿಸ್ಟರ್ ನಿಜಕ್ಕೂ ಸತ್ತಿದ್ದರೆ ತೊಂದರೆಯಿಲ್ಲ. ಆದರೆ ಕಿತ್ತದ್ದನ್ನು ಮೀಟರಿನಲ್ಲಿ ನೋಡಿದರೆ ಅದು ಚೆನ್ನಾಗಿಯೇ ಇದೆ ಅನ್ನಿ, ಆಗ ನಿಮ್ಮ ರಿಪೇರಿ ಮುಗಿದಿಲ್ಲ. ಬಯಾಸ್ (ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರಿಗೆ ಬೇಕಾದ ಡಿಸಿ ವೋಲ್ಟೇಜ್, ಕರೆಂಟ್ ಕೊಡುವ ವ್ಯವಸ್ಥೆ) ಸರಿಯಾಗಿ ಕಟ್ಟಿದ ಸ್ಟೇಜಿನಲ್ಲಿ ಅದೇ ನಂಬರಿನ ಯಾವ ಟ್ರಾನ್ಸಿಸ್ಟರ್ ಹಾಕಿದರೂ ಕಲೆಕ್ಟರ್ ವೋಲ್ಟೇಜ್ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ತಪ್ಪು ಸುತ್ತಲಿನ ರೆಸಿಸ್ಟರ್, ಕೆಪಾಸಿಟರುಗಳದ್ದು.

ಹಾಗಾಗಿ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಟ್ರಾನ್ಸಿಸ್ಟರಿನ ಮೂರು ಕಾಲುಗಳ ವೋಲ್ಟೇಜ್ ಅಳೆಯಿರಿ: ಬೇಸ್, ಎಮಿಟರ್, ಕಲೆಕ್ಟರ್. ಈ ಮೂರರಿಂದಲೇ ಮುಕ್ಕಾಲು ಪಾಲು ದೋಷಗಳು ಸಿಗುತ್ತವೆ.

ಅಳೆಯುವ ಮೊದಲು

ಸಿಗ್ನಲ್ ಇನ್‌ಪುಟ್ ತೆಗೆದುಬಿಡಿ, ಡಿಸಿ ಮಾತ್ರ ನೋಡೋಣ. ಮೀಟರಿನ ಕಪ್ಪು ಪ್ರೋಬ್ ಗ್ರೌಂಡಿಗೆ ಕಚ್ಚಿಸಿ. ಮೊದಲು ಸಪ್ಲೈ ಅಳೆಯಿರಿ. ಪವರ್ ಸಪ್ಲೈ ಬಾಕ್ಸಿನ ಹತ್ತಿರ ಅಲ್ಲ, ಈ ಸ್ಟೇಜಿನ ಕಲೆಕ್ಟರ್ ರೆಸಿಸ್ಟರಿನ ಮೇಲ್ತುದಿಯಲ್ಲಿ. ಮಧ್ಯೆ ಡೀಕಪ್ಲಿಂಗ್ ರೆಸಿಸ್ಟರ್ (ಸ್ಟೇಜಿಗೆ ಹೋಗುವ ಸಪ್ಲೈಯನ್ನು ಕೆಪಾಸಿಟರ್ ಜೊತೆ ಸೇರಿ ಶುದ್ಧ ಮಾಡುವುದು) ಇದ್ದು, ಅದರ ಮುಂದಿನ ಕೆಪಾಸಿಟರ್ ಲೀಕ್ ಆಗಿದ್ದರೆ ಅಲ್ಲಿಗೆ ತಲುಪುವ ವೋಲ್ಟೇಜೇ ಕಮ್ಮಿ ಇರುತ್ತದೆ. ಆಗ ಬಯಾಸ್ ಮೇಲೆ ಅನುಮಾನ ಪಡುವುದು ಸುಮ್ನೆ ಟೈಮ್ ವೇಸ್ಟ್.

ಟ್ರಾನ್ಸಿಸ್ಟರಿನ ಕಾಲುಗಳ ಕ್ರಮವನ್ನೂ ಈಗಲೇ ನೋಡಿಬಿಡಿ. ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದಾಗ, ಎಡದಿಂದ ಬಲಕ್ಕೆ ಬಿಸಿ547 (BC547) ನಂಬರಿನ ಟ್ರಾನ್ಸಿಸ್ಟರಿನಲ್ಲಿ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಸರಿಯಾಗಿ ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ಪ್ಲಾಸ್ಟಿಕ್ ಮೈಯ 2222 ಜಾತಿಯಲ್ಲಂತೂ ಪಿಎನ್2222 ಒಂದು ಕ್ರಮ, ಪಿ2ಎನ್2222 ಇನ್ನೊಂದು ಕ್ರಮ. ಉಲ್ಟಾ ಹಾಕಿದ ಟ್ರಾನ್ಸಿಸ್ಟರ್ ಸತ್ತಂತೆ ಕಾಣುವುದಿಲ್ಲ, ಅದೇ ಕಷ್ಟ. ಬೀಟಾ (ಕಲೆಕ್ಟರ್ ಕರೆಂಟ್ ಬೇಸ್ ಕರೆಂಟಿನ ಎಷ್ಟು ಪಟ್ಟು ಅನ್ನುವ ಸಂಖ್ಯೆ) ತೀರಾ ಇಳಿದು ಕುಂಟುತ್ತಾ ಕೆಲಸ ಮಾಡುತ್ತದೆ. ಬೇಸ್ ವೋಲ್ಟೇಜ್ ಲೆಕ್ಕಕ್ಕಿಂತ ಚೆನ್ನಾಗಿಯೇ ಕುಸಿದಿರುತ್ತದೆ, ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನುವುದು) ಇರುವುದಿಲ್ಲ. ಅನುಮಾನ ಬಂದರೆ ಟ್ರಾನ್ಸಿಸ್ಟರನ್ನು ಹೊರಗೆ ತೆಗೆದು ಡಯೋಡ್ ಟೆಸ್ಟಿನಲ್ಲಿ ಬೇಸಿನಿಂದ ಎರಡೂ ಕಡೆ ಅಳೆಯಿರಿ. ಎಮಿಟರ್ ಕಡೆಯ ರೀಡಿಂಗ್ ಕಲೆಕ್ಟರ್ ಕಡೆಗಿಂತ ಕೆಲವು ಮಿಲಿವೋಲ್ಟ್ ಜಾಸ್ತಿ ಇರುತ್ತದೆ.

ಉದಾಹರಣೆಗೆ ಒಂದು ಸ್ಟೇಜ್

ಸಪ್ಲೈ 12 ವೋಲ್ಟ್. ಬೇಸಿಗೆ ವೋಲ್ಟೇಜ್ ಡಿವೈಡರ್: ಮೇಲೆ 47 ಕಿಲೋ ಓಮ್, ಕೆಳಗೆ 10 ಕಿಲೋ ಓಮ್. ಕಲೆಕ್ಟರಿಗೆ 4.7 ಕಿಲೋ ಓಮ್, ಎಮಿಟರಿಗೆ 1 ಕಿಲೋ ಓಮ್, ಎಮಿಟರ್ ರೆಸಿಸ್ಟರಿಗೆ ಅಡ್ಡಲಾಗಿ ಒಂದು ಬೈಪಾಸ್ ಕೆಪಾಸಿಟರ್ (ಸಿಗ್ನಲ್ಲಿಗೆ ಮಾತ್ರ ಸುಲಭ ದಾರಿ ಕೊಡುವುದು). ಟ್ರಾನ್ಸಿಸ್ಟರ್ ಬಿಸಿ547, ಎನ್‌ಪಿಎನ್.

ಬೇಸ್ ಕರೆಂಟ್ ಮರೆತರೆ ಡಿವೈಡರ್ ಕೊಡುವುದು 2.1 ವೋಲ್ಟ್. ಬೀಟಾ 300 ಅಂತ ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡಿದರೆ ಬೇಸ್ 2.07, ಎಮಿಟರ್ 1.42, ಕಲೆಕ್ಟರ್ ಸುಮಾರು 5.4 ವೋಲ್ಟ್ ಬರುತ್ತದೆ. ಕರೆಂಟ್ 1.4 ಮಿಲಿ ಆಂಪ್. ಎಮಿಟರ್ ರೆಸಿಸ್ಟರ್ 1 ಕಿಲೋ ಓಮ್ ಆದ್ದರಿಂದ ಅಲ್ಲಿಯ ವೋಲ್ಟೇಜೇ ಮಿಲಿ ಆಂಪ್ ಲೆಕ್ಕದಲ್ಲಿ ಕರೆಂಟ್. ಮುಂದೆ ಬರುವ ರೀಡಿಂಗುಗಳೆಲ್ಲ ಈ ಸ್ಟೇಜಿನವು. ನಿಮ್ಮ ಸರ್ಕ್ಯೂಟಿನ ಬೆಲೆಗಳು ಬೇರೆ ಇದ್ದರೆ ಅಂಕಿ ಬದಲಾಗುತ್ತದೆ, ಲಕ್ಷಣ ಬದಲಾಗುವುದಿಲ್ಲ. ಪಿಎನ್‌ಪಿ ಆದರೆ ಇದನ್ನೇ ತಲೆಕೆಳಗು ಮಾಡಿ ಪ್ಲಸ್ ಲೈನಿನಿಂದ ಅಳೆಯಿರಿ, ಅಷ್ಟೇ.

ರೀಡಿಂಗ್ ಬರೆದುಕೊಂಡ ಮೇಲೆ ಎರಡು ಪ್ರಶ್ನೆ. ಬೇಸ್‌ಗೂ ಎಮಿಟರ್‌ಗೂ ನಡುವೆ 0.6ರಿಂದ 0.7 ವೋಲ್ಟ್ ಇದೆಯಾ? ಎಮಿಟರ್ ರೆಸಿಸ್ಟರಿನಲ್ಲಿ ಹರಿಯುವ ಕರೆಂಟೂ ಕಲೆಕ್ಟರ್ ರೆಸಿಸ್ಟರಿನಲ್ಲಿ ಹರಿಯುವ ಕರೆಂಟೂ ತಾಳೆ ಆಗುತ್ತದಾ? ಎರಡಕ್ಕೂ ಹೌದು ಅಂದರೆ ಟ್ರಾನ್ಸಿಸ್ಟರ್ ಜೀವಂತ ಇದೆ, ಅದನ್ನು ಬಿಟ್ಟುಬಿಡಿ. ಎರಡನೇ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಅದು ಯಾಕೆ ಬೇಕು ಅನ್ನುವುದು ಈಗಲೇ ಗೊತ್ತಾಗುತ್ತದೆ.

ಕಲೆಕ್ಟರಿನಲ್ಲಿ ಪೂರ್ತಿ 12 ವೋಲ್ಟ್

ಕಲೆಕ್ಟರ್ ರೆಸಿಸ್ಟರಿನಲ್ಲಿ ಕರೆಂಟೇ ಇಲ್ಲ ಅಂತ ಅರ್ಥ. ಟ್ರಾನ್ಸಿಸ್ಟರ್ ಕಟಾಫ್‌ನಲ್ಲಿದೆ. ಬೇಸ್ ಸೊನ್ನೆ, ಎಮಿಟರ್ ಸೊನ್ನೆ ಇದ್ದರೆ ಮೇಲಿನ 47 ಕಿಲೋ ಓಮ್ ಓಪನ್ ಆಗಿದೆ (ಒಳಗೆ ಕಡಿದು ಕರೆಂಟ್ ಬಿಡುತ್ತಿಲ್ಲ), ಇಲ್ಲವೇ ಅದರ ಬೆಸುಗೆ ಬಿಟ್ಟಿದೆ, ಇಲ್ಲವೇ ಬೇಸ್ ಎಲ್ಲೋ ಗ್ರೌಂಡಿಗೆ ತಾಗಿದೆ.

ಬೇಸಿನಲ್ಲಿ 2.1 ಇದ್ದು ಎಮಿಟರಿನಲ್ಲಿ ಸೊನ್ನೆ ಬಂದರೆ ಬೇಸ್-ಎಮಿಟರ್ ಜಂಕ್ಷನ್ ಓಪನ್. ಚೆನ್ನಾಗಿರುವ ಸಣ್ಣ ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ನಡುವೆ 2 ವೋಲ್ಟ್ ಫಾರ್ವರ್ಡ್ ದಿಕ್ಕಿನಲ್ಲಿ (ಬೇಸ್ ಪ್ಲಸ್ ಆಗಿ) ನಿಲ್ಲಲು ಸಾಧ್ಯವೇ ಇಲ್ಲ. ಹೀಗಿದ್ದಾಗ ಮಾತ್ರ ಕಣ್ಣುಮುಚ್ಚಿ ಟ್ರಾನ್ಸಿಸ್ಟರ್ ಬದಲಿಸಬಹುದು. ಆದರೂ ಪ್ರೋಬನ್ನು ಬೋರ್ಡಿನ ತಾಮ್ರದ ಮೇಲೆ ಇಡದೆ ಟ್ರಾನ್ಸಿಸ್ಟರಿನ ಕಾಲಿನ ಮೇಲೇ ಇಟ್ಟು ಇನ್ನೊಮ್ಮೆ ಅಳೆಯಿರಿ. ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗಿದ್ದರೆ ಕಾಲಿನ ಮೇಲೊಂದು ರೀಡಿಂಗ್, ತಾಮ್ರದ ಮೇಲೊಂದು ರೀಡಿಂಗ್ ಬರುತ್ತದೆ.

ಈಗ ಮೋಸ ಮಾಡುವ ಕೇಸ್. ಬೇಸ್ 2.1, ಕಲೆಕ್ಟರ್ 12, ಎಮಿಟರ್ 1.6 ಅಥವಾ 1.7. ಎಮಿಟರ್ ನೋಡಿದರೆ ಕರೆಂಟ್ ಇದೆ ಅನ್ನಿಸುತ್ತದೆ. 1.7 ಮಿಲಿ ಆಂಪ್ ಹರಿಯುತ್ತಿದ್ದರೆ 4.7 ಕಿಲೋ ಓಮಿನಲ್ಲಿ 8 ವೋಲ್ಟ್ ಬೀಳಬೇಕಿತ್ತು, ಅಲ್ವಾ? ಬಿದ್ದದ್ದು ಸೊನ್ನೆ. ಅಂದರೆ ಎಮಿಟರ್ ರೆಸಿಸ್ಟರ್ ಓಪನ್ ಆಗಿದೆ. ಕಾಣುತ್ತಿರುವ 1.7 ವೋಲ್ಟನ್ನು ಹುಟ್ಟಿಸಿದ್ದು ನಿಮ್ಮ ಮೀಟರೇ. ಅದರ 10 ಮೆಗಾ ಓಮ್ ಒಳ ರೆಸಿಸ್ಟೆನ್ಸ್ ಮೂಲಕ ಚೂರೇ ಚೂರು ಕರೆಂಟ್ ಗ್ರೌಂಡಿಗೆ ಹೋಗುತ್ತಿದೆ, ಅಷ್ಟಕ್ಕೆ ಬೇಸ್-ಎಮಿಟರ್ ನಡುವೆ 0.4 ವೋಲ್ಟ್ ಸಾಕಾಗಿದೆ. ಎರಡು ಕರೆಂಟ್ ತಾಳೆ ನೋಡುವ ಅಭ್ಯಾಸ ಇದ್ದರೆ ಈ ಬಲೆಗೆ ಬೀಳುವುದಿಲ್ಲ.

ಕಲೆಕ್ಟರ್ ನೆಲ ಕಚ್ಚಿದ್ದರೆ

ಇಲ್ಲಿ ದೋಷಗಳು ಜಾಸ್ತಿ, ಆದರೆ ಒಂದೊಂದಕ್ಕೂ ಅದರದೇ ಗುರುತು ಇದೆ.

ಕಲೆಕ್ಟರ್ 2.35, ಎಮಿಟರ್ 2.25, ಬೇಸ್ 2.95 ಬಂದರೆ ಟ್ರಾನ್ಸಿಸ್ಟರ್ ಸ್ಯಾಚುರೇಶನ್‌ಗೆ ಹೋಗಿದೆ, ಅಂದರೆ ಪೂರ್ತಿ ತೆರೆದುಕೊಂಡಿದೆ. ಬೇಸ್ ಮೇಲಕ್ಕೆ ಎಳೆಯಲ್ಪಟ್ಟಿದೆ, ಕೆಳಗಿನ 10 ಕಿಲೋ ಓಮ್ ಓಪನ್. ಟ್ರಾನ್ಸಿಸ್ಟರ್ ಪಾಪ ಹೇಳಿದ ಕೆಲಸ ಮಾಡುತ್ತಿದೆ.

ಮೂರೂ ಕಡೆ 2.1ರ ಆಸುಪಾಸು ಬಂದರೆ ಕಲೆಕ್ಟರ್-ಎಮಿಟರ್ ಶಾರ್ಟ್. ಈ ಸ್ಟೇಜಿನಲ್ಲಿ 4.7 ಮತ್ತು 1 ಕಿಲೋ ಓಮ್ ಸೇರಿ ಮಾಡುವ ಡಿವೈಡರ್ ಕೂಡ 2.1 ವೋಲ್ಟೇ ಕೊಡುತ್ತದೆ, ಹಾಗಾಗಿ ಬೇಸ್ ಕೂಡ ಅಲ್ಲೇ ನಿಂತಂತೆ ಕಾಣುತ್ತದೆ. ಬೇರೆ ಬೆಲೆಗಳಿದ್ದರೆ ಬೇಸ್ ಬೇರೆ ಇರುತ್ತಿತ್ತು. ಸ್ಯಾಚುರೇಶನ್‌ಗೂ ಶಾರ್ಟ್‌ಗೂ ವ್ಯತ್ಯಾಸ ಹೇಳುವುದು ಬೇಸ್-ಎಮಿಟರ್ ವೋಲ್ಟೇಜ್. ಸ್ಯಾಚುರೇಶನ್‌ನಲ್ಲಿ ಅದು 0.7ರ ಹತ್ತಿರ ಇದ್ದೇ ಇರುತ್ತದೆ. ಕಲೆಕ್ಟರ್ ಮತ್ತು ಬೇಸ್ ಎರಡೂ ಒಂದೇ 2.6, ಎಮಿಟರ್ 1.9 ಅಂದರೆ ಕಲೆಕ್ಟರ್-ಬೇಸ್ ಶಾರ್ಟ್.

ಎಮಿಟರ್ ಪೂರ್ತಿ ಸೊನ್ನೆ, ಬೇಸ್ 0.7, ಕಲೆಕ್ಟರ್ 0.1 ಇದ್ದರೆ ಬೈಪಾಸ್ ಕೆಪಾಸಿಟರ್ ಶಾರ್ಟ್ ಆಗಿದೆ. ಅದರ ಒಂದು ಕಾಲು ಎತ್ತಿ, ವೋಲ್ಟೇಜ್ ತಾನಾಗಿ ವಾಪಸ್ ಬರುತ್ತದೆ. ಇದರ ಉಲ್ಟಾ ದೋಷ, ಅಂದರೆ ಬೈಪಾಸ್ ಓಪನ್ ಆಗುವುದು, ಡಿಸಿ ಅಳತೆಯಲ್ಲಿ ಕಾಣುವುದೇ ಇಲ್ಲ. ಮೂರೂ ರೀಡಿಂಗ್ ಅಚ್ಚುಕಟ್ಟಾಗಿರುತ್ತದೆ, ಶಬ್ದ ಮಾತ್ರ ಕ್ಷೀಣ. ಮುಂದೆ ಲೋಡ್ ಇಲ್ಲ ಅಂದುಕೊಂಡರೆ ಬೈಪಾಸ್ ಇದ್ದಾಗ ಗೇನ್ ಸುಮಾರು 250, ಇಲ್ಲದಾಗ 5 ಕೂಡ ಇಲ್ಲ. ಸಮಾನ ಬೆಲೆಯ ಒಳ್ಳೆಯ ಕೆಪಾಸಿಟರನ್ನು ಅದರ ಮೇಲೆ ಪ್ಯಾರಲಲ್ ಆಗಿ ಹಿಡಿದು ನೋಡಿದರೆ ಗೊತ್ತಾಗಿಬಿಡುತ್ತದೆ.

ಇನ್ನೊಂದು ನನಗೆ ತುಂಬ ಇಷ್ಟದ್ದು. ಕಲೆಕ್ಟರ್ ಮತ್ತು ಎಮಿಟರ್ ಎರಡೂ 0.2ರ ಒಳಗೆ, ಬೇಸ್ 0.8. ಡಿವೈಡರ್ ರೆಸಿಸ್ಟರುಗಳನ್ನು ತೆಗೆದು ಅಳೆದರೆ ಎರಡೂ ಸರಿ. ಹಾಗಾದರೆ 2.1 ಇರಬೇಕಾದ ಬೇಸ್ ಯಾಕೆ ಕುಸಿಯಿತು? ಕಲೆಕ್ಟರ್ ರೆಸಿಸ್ಟರ್ ಓಪನ್ ಆಗಿದೆ, ಅದಕ್ಕೆ. ಕಲೆಕ್ಟರಿನಿಂದ ಕರೆಂಟ್ ಬರದಿದ್ದಾಗ ಬೇಸ್-ಎಮಿಟರ್ ಬರೀ ಡಯೋಡ್ ಆಗಿಬಿಡುತ್ತದೆ. ಎಮಿಟರಿನ 1 ಕಿಲೋ ಓಮ್ ನೇರವಾಗಿ ಡಿವೈಡರಿಗೇ ಹೊರೆಯಾಗುತ್ತದೆ. ಬೇಸ್ ವೋಲ್ಟೇಜ್ ಕಮ್ಮಿ ಇದೆ ಅಂತ ಬೇಸ್ ಸುತ್ತಲೇ ಹುಡುಕುತ್ತಾ ಕೂತರೆ ದೋಷ ಸಿಗುವುದಿಲ್ಲ.

ಶುರುವಿಗೆ ಸರಿ, ಆಮೇಲೆ ಜಾರುತ್ತದೆ

ಆನ್ ಮಾಡಿದಾಗ ಕಲೆಕ್ಟರ್ 5.4. ಸ್ವಲ್ಪ ಹೊತ್ತಿಗೆ 4, ಆಮೇಲೆ 3ರ ಕೆಳಗೆ. ಶಬ್ದ ಮೊದಲು ಚೆನ್ನಾಗಿದ್ದದ್ದು ಆಮೇಲೆ ಒರಟಾಗುತ್ತದೆ. ಸ್ಕೋಪ್ (ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್) ಇದ್ದರೆ ಕಲೆಕ್ಟರ್ ಅಲೆಯ ಕೆಳತುದಿ ಚಪ್ಪಟೆ ಆಗಿರುವುದು ಕಾಣುತ್ತದೆ.

ಎಲ್ಲರೂ ಬೆರಳು ತೋರಿಸುವುದು ಟ್ರಾನ್ಸಿಸ್ಟರಿನ ಬಿಸಿಯ ಕಡೆಗೆ. ಲೆಕ್ಕ ಹಾಕಿ ನೋಡೋಣ. ಬೇಸ್-ಎಮಿಟರ್ ವೋಲ್ಟೇಜ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. 30 ಡಿಗ್ರಿ ಏರಿದರೆ 60 ಮಿಲಿವೋಲ್ಟ್. ಅಷ್ಟೂ ಎಮಿಟರಿಗೆ ಸೇರಿದರೆ ಕರೆಂಟ್ 1.42ರಿಂದ 1.48 ಆಗುತ್ತದೆ, ಕಲೆಕ್ಟರ್ 0.3 ವೋಲ್ಟ್ ಇಳಿಯುತ್ತದೆ. 3 ವೋಲ್ಟಿನ ಹತ್ತಿರಕ್ಕೂ ಬರುವುದಿಲ್ಲ. ಎಮಿಟರ್ ರೆಸಿಸ್ಟರ್ ಇಲ್ಲದೆ ಬೇಸಿಗೆ ಬಿಗಿಯಾದ ವೋಲ್ಟೇಜ್ ಕೊಟ್ಟಿದ್ದರೆ ಅದೇ 60 ಮಿಲಿವೋಲ್ಟಿಗೆ ಕರೆಂಟ್ ಹತ್ತು ಪಟ್ಟು ಆಗುತ್ತಿತ್ತು. ಎಮಿಟರ್ ರೆಸಿಸ್ಟರ್ ಇರುವುದೇ ಇದನ್ನು ತಡೆಯಲಿಕ್ಕೆ.

ಹಾಗಾದರೆ ಜಾರಿಸುತ್ತಿರುವುದು ಯಾರು? ಬೇಸ್ ವೋಲ್ಟೇಜ್ ಮೇಲೆ ಪ್ರೋಬ್ ಇಟ್ಟು ಕಾಯಿರಿ. ಅದು 2.07ರಿಂದ 2.6ಕ್ಕೆ ಏರುತ್ತಿದೆ ಅನ್ನಿ. ಬೇಸ್ ನೋಡುವ ಡಿವೈಡರಿನ ರೆಸಿಸ್ಟೆನ್ಸ್ ಎರಡೂ ಪ್ಯಾರಲಲ್ ಸೇರಿ ಸುಮಾರು 8.2 ಕಿಲೋ ಓಮ್. ಅದರ ಮೇಲೆ ಅರ್ಧ ವೋಲ್ಟಿನಷ್ಟು ಏರಬೇಕಾದರೆ ಎಲ್ಲಿಂದಲೋ 65 ಮೈಕ್ರೋ ಆಂಪ್ ಬೇಸಿಗೆ ನುಗ್ಗುತ್ತಿರಬೇಕು. ಸಣ್ಣ ಸಿಲಿಕಾನ್ ಟ್ರಾನ್ಸಿಸ್ಟರಿನ ಒಳಗಿನ ಲೀಕೇಜ್ ಇಷ್ಟು ಇರುವುದಿಲ್ಲ. ಅದು ನ್ಯಾನೋ ಆಂಪ್ ಲೆಕ್ಕದ್ದು. ಹಳೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಆದರೆ ಮಾತು ಬೇರೆ, ಅಲ್ಲಿ ಲೀಕೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು, ಬಿಸಿಯಾದ ಹಾಗೆ ಅದು ದುಪ್ಪಟ್ಟು ದುಪ್ಪಟ್ಟು ಆಗುತ್ತಾ ಹೋಗುತ್ತದೆ.

ಉಳಿದದ್ದು ಇನ್‌ಪುಟ್ ಕಪ್ಲಿಂಗ್ ಕೆಪಾಸಿಟರ್, ಅಂದರೆ ಹಿಂದಿನ ಸ್ಟೇಜಿನ ಡಿಸಿ ತಡೆದು ಸಿಗ್ನಲ್ ಮಾತ್ರ ಬೇಸಿಗೆ ಬಿಡುವುದು. ಅದರ ಆಚೆ ತುದಿಯಲ್ಲಿ ಹಿಂದಿನ ಸ್ಟೇಜಿನ ಕಲೆಕ್ಟರ್ ಇದೆ, ಅಲ್ಲಿ 7 ವೋಲ್ಟ್ ಇದೆ ಅಂದುಕೊಳ್ಳಿ. ಬೇಸ್ ಕಡೆಯ ಕಾಲು ಎತ್ತಿ. ಬೇಸ್ ತಕ್ಷಣ 2.07ಕ್ಕೆ ಇಳಿದರೆ ಕಳ್ಳ ಸಿಕ್ಕಿದ. ಖಾತ್ರಿ ಮಾಡಿಕೊಳ್ಳಬೇಕಾದರೆ ಎತ್ತಿದ ಕಾಲಿನಿಂದ ಗ್ರೌಂಡಿಗೆ 100 ಕಿಲೋ ಓಮ್ ಹಾಕಿ, ಅದರ ಮೇಲಿನ ವೋಲ್ಟೇಜ್ ಅಳೆಯಿರಿ. ಒಳ್ಳೆಯ 10 ಮೈಕ್ರೋ ಫ್ಯಾರಡ್ ಎಲೆಕ್ಟ್ರೋಲಿಟಿಕ್ ಆದರೆ ಕೆಲವು ನಿಮಿಷದಲ್ಲಿ 0.1 ವೋಲ್ಟಿನ ಕೆಳಗೆ ಬಂದು ನಿಲ್ಲುತ್ತದೆ. ಕೆಟ್ಟದ್ದು ನಾಲ್ಕು ವೋಲ್ಟ್ ತೋರಿಸುತ್ತಾ ಅಲ್ಲೇ ಕೂತಿರುತ್ತದೆ. ಬರೀ ಮೀಟರ್ ಹಿಡಿದು ಅಳೆಯಬೇಡಿ. 10 ಮೆಗಾ ಓಮ್ ಮೇಲೆ ಒಳ್ಳೆಯ ಎಲೆಕ್ಟ್ರೋಲಿಟಿಕ್‌ನ ಲೀಕ್ ಕೂಡ ಭಯಂಕರವಾಗಿ ಕಾಣುತ್ತದೆ.

ಹೊಸದು ಹಾಕುವಾಗ ಪ್ಲಸ್ ಕಾಲು ವೋಲ್ಟೇಜ್ ಜಾಸ್ತಿ ಇರುವ ಕಡೆಗೆ ಇರಲಿ. ಉಲ್ಟಾ ಕೂರಿಸಿದ ಎಲೆಕ್ಟ್ರೋಲಿಟಿಕ್ ಕೆಲವು ದಿನ ಸುಮ್ಮನಿದ್ದು ಆಮೇಲೆ ಲೀಕ್ ಶುರುಮಾಡುತ್ತದೆ, ಆಗ ಯಾರೂ ಅದರ ದಿಕ್ಕನ್ನು ನೋಡಲು ಹೋಗುವುದಿಲ್ಲ.

ಟ್ರಾನ್ಸಿಸ್ಟರ್ ಬದಲಿಸಿದಾಗಲೆಲ್ಲ ರೀಡಿಂಗ್ ಬದಲಾದರೆ

ಬಿಸಿ547ರ ಬೀಟಾ 110ರಿಂದ 800ರ ತನಕ ಎಷ್ಟಾದರೂ ಇರಬಹುದು. ಎ ಗುಂಪು 110ರಿಂದ 220, ಬಿ ಗುಂಪು 200ರಿಂದ 450, ಸಿ ಗುಂಪು 420ರಿಂದ 800. ನಮ್ಮ ಸ್ಟೇಜಿನಲ್ಲಿ 110ರದ್ದು ಹಾಕಿದರೆ ಕಲೆಕ್ಟರ್ 5.7, 800ರದ್ದು ಹಾಕಿದರೆ 5.2. ಅರ್ಧ ವೋಲ್ಟ್ ಆಚೀಚೆ, ಅಷ್ಟೇ.

ಈಗ ಒಂದೇ ರೆಸಿಸ್ಟರಿನ ಬಯಾಸ್ ನೋಡಿ. ಎಮಿಟರ್ ನೇರ ಗ್ರೌಂಡಿಗೆ, ಸಪ್ಲೈಯಿಂದ ಬೇಸಿಗೆ 2.4 ಮೆಗಾ ಓಮ್, ಕಲೆಕ್ಟರಿಗೆ ಅದೇ 4.7 ಕಿಲೋ ಓಮ್. ಬೀಟಾ 300 ಇದ್ದರೆ ಕಲೆಕ್ಟರ್ 5.3, ಚೆನ್ನಾಗಿದೆ. 110 ಆದರೆ 9.5. 450 ಆದರೆ 2. 800 ಆದರೆ ಪೂರ್ತಿ ಸ್ಯಾಚುರೇಶನ್. ಪ್ರತಿ ಸಲ ಬೀಟಾ ಅಳೆದು ಆರಿಸಿದ ಟ್ರಾನ್ಸಿಸ್ಟರ್ ಹಾಕಿದರೆ ಮಾತ್ರ ನಡೆಯುವ ಸರ್ಕ್ಯೂಟ್ ಇದು. ಸ್ವಿಚಿಂಗ್ ಕೆಲಸಕ್ಕೆ ಸಾಕು, ಅನಲಾಗ್ ಸ್ಟೇಜಿಗೆ ಇದನ್ನು ರಿಪೇರಿ ಮಾಡುತ್ತಾ ಕೂರಬೇಡಿ, ಬಯಾಸನ್ನೇ ಬದಲಿಸಿ. ಹೊಸ ಭಾಗಗಳಿಗೆ ಬೋರ್ಡಿನಲ್ಲಿ ಜಾಗ ಇಲ್ಲದಿದ್ದರೆ ಬೇಸ್ ರೆಸಿಸ್ಟರಿನ ಮೇಲ್ತುದಿಯನ್ನು ಸಪ್ಲೈಯಿಂದ ಬಿಡಿಸಿ ಕಲೆಕ್ಟರಿಗೆ ಕಟ್ಟಿ, ಬೆಲೆಯನ್ನು ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಮಾಡಿ. ಕರೆಂಟ್ ಏರಿದರೆ ಕಲೆಕ್ಟರ್ ಇಳಿಯುತ್ತದೆ, ಬೇಸ್ ಕರೆಂಟ್ ತಾನಾಗಿ ಕುಗ್ಗುತ್ತದೆ. ಡಿವೈಡರಿನಷ್ಟು ಗಟ್ಟಿ ಅಲ್ಲ, ಆದರೆ ಸ್ಯಾಚುರೇಶನ್‌ಗೆ ಹೋಗಿ ಕೂರುವುದು ತಪ್ಪುತ್ತದೆ.

ಡಿವೈಡರ್ ಇದ್ದೂ ರೀಡಿಂಗ್ ಓಲಾಡುವುದುಂಟು. ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್ ಕೊಡುವ ಕಡೆಗೆ ಈ ಸ್ಟೇಜ್ ಒಡ್ಡುವ ತಡೆ) ಜಾಸ್ತಿ ಇರಲಿ ಅಂತ ಯಾರೋ 47 ಮತ್ತು 10ರ ಬದಲು 470 ಮತ್ತು 100 ಕಿಲೋ ಓಮ್ ಹಾಕಿರುತ್ತಾರೆ. ಅನುಪಾತ ಅದೇ, ಆದರೆ ಬೇಸ್ ಕರೆಂಟನ್ನು ಇನ್ನು ಮರೆಯುವ ಹಾಗಿಲ್ಲ. ಬೀಟಾ 110ಕ್ಕೆ ಕಲೆಕ್ಟರ್ 8.1, 800ಕ್ಕೆ 5.8. ಡಿವೈಡರಿನಲ್ಲಿ ಹರಿಯುವ ಕರೆಂಟ್ ಬೇಸ್ ಕರೆಂಟಿನ ಹತ್ತು ಪಟ್ಟಾದರೂ ಇರಬೇಕು, ಅದೂ ಅತಿ ಕಮ್ಮಿ ಬೀಟಾ ಇಟ್ಟುಕೊಂಡು ಲೆಕ್ಕ ಮಾಡಬೇಕು. ಎಮಿಟರ್ ಮೇಲೆ 1 ವೋಲ್ಟ್ ಆದರೂ ಬೀಳಲಿ. ಇನ್‌ಪುಟ್ ಇಂಪೀಡೆನ್ಸ್ ಬೇಕೇ ಬೇಕು ಅಂದರೆ ಈ ಸ್ಟೇಜಿಗೂ ಮೊದಲು, ಇನ್‌ಪುಟ್ ಕಡೆ, ಒಂದು ಎಮಿಟರ್ ಫಾಲೋವರ್ (ಔಟ್‌ಪುಟ್ಟನ್ನು ಎಮಿಟರಿನಿಂದ ತೆಗೆಯುವ ಸ್ಟೇಜ್) ಹಾಕುವುದು ಒಳ್ಳೆಯದು.

ಹಳೆಯ ಮುಳ್ಳಿನ ಮೀಟರ್ ಬಳಸುವವರಿಗೆ ಒಂದು ಮಾತು. ವೋಲ್ಟಿಗೆ 20 ಕಿಲೋ ಓಮ್ ಮೀಟರ್ 2.5 ವೋಲ್ಟ್ ರೇಂಜಿನಲ್ಲಿ ಬರೀ 50 ಕಿಲೋ ಓಮ್ ಆಗಿರುತ್ತದೆ. ಬೇಸಿಗೆ ತಾಗಿಸಿದ ಕೂಡಲೇ ಬಯಾಸೇ ಇಳಿಯುತ್ತದೆ. 10 ವೋಲ್ಟ್ ರೇಂಜ್ ಬಳಸಿ.

ಪವರ್ ಔಟ್‌ಪುಟ್ ಸ್ಟೇಜ್

ಇಲ್ಲಿ ತಪ್ಪಿದರೆ ಹೊಗೆ ಬರುತ್ತದೆ. ಮೇನ್ಸ್ ಕಡೆ 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸ್ ಹಾಕದೆ ರಿಪೇರಿ ಮಾಡಿದ ಆಂಪ್ಲಿಫೈಯರನ್ನು ಆನ್ ಮಾಡಬೇಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು, ಜೋರಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ಆಫ್ ಮಾಡಿದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಅಳೆದು ನೋಡಿಯೇ ಕೈ ಹಾಕಿ.

ನಿಶ್ಚಲ ಕರೆಂಟ್ (ಸಿಗ್ನಲ್ ಇಲ್ಲದಾಗಲೂ ಹರಿಯುವುದು) ಅಳೆಯಲು ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರ್ ರೆಸಿಸ್ಟರ್ ಮೇಲೆ ಮಿಲಿವೋಲ್ಟ್ ನೋಡಿ. 0.22 ಓಮ್ ಮೇಲೆ 11 ಮಿಲಿವೋಲ್ಟ್ ಇದ್ದರೆ 50 ಮಿಲಿ ಆಂಪ್. ಸಣ್ಣ ಶಬ್ದದಲ್ಲಿ ಗರಗರ ಅಂದು, ಜೋರು ಮಾಡಿದಾಗ ಸರಿಹೋದರೆ ಅದು ಕ್ರಾಸೋವರ್ ಡಿಸ್ಟಾರ್ಷನ್, ಈ ಕರೆಂಟ್ ತೀರಾ ಕಮ್ಮಿ ಇದೆ. ಏನೂ ಹಾಡದೆಯೇ ಹೀಟ್‌ಸಿಂಕ್ ಸುಡುತ್ತಿದ್ದರೆ ಜಾಸ್ತಿ ಇದೆ. ಮೊದಲು ಬಯಾಸ್ ಟ್ರಾನ್ಸಿಸ್ಟರ್ (ಔಟ್‌ಪುಟ್ ಟ್ರಾನ್ಸಿಸ್ಟರುಗಳ ಬಯಾಸ್ ನಿಗದಿ ಮಾಡುವುದು) ಎಲ್ಲಿದೆ ನೋಡಿ. ಅದು ಹೀಟ್‌ಸಿಂಕಿಗೆ ಗಟ್ಟಿಯಾಗಿ ಅಂಟಿರಬೇಕು. ಸ್ಕ್ರೂ ಸಡಿಲವಾಗಿ ಗಾಳಿಯಲ್ಲಿ ನಿಂತಿದ್ದರೆ ಔಟ್‌ಪುಟ್ ಬಿಸಿಯಾದದ್ದು ಅದಕ್ಕೆ ತಿಳಿಯುವುದೇ ಇಲ್ಲ.

ಆಮೇಲೆ ಪ್ರಿಸೆಟ್, ಅಂದರೆ ಬಯಾಸ್ ಹೊಂದಿಸುವ ಸಣ್ಣ ವೇರಿಯಬಲ್ ರೆಸಿಸ್ಟರ್. ಅದು ಬಯಾಸ್ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ಕಡೆ ಇದ್ದರೆ, ಒಳಗಿನ ಸಂಪರ್ಕ ಕೈಕೊಟ್ಟಾಗ ಬಯಾಸ್ ಕಮ್ಮಿಯಾಗುತ್ತದೆ, ಶಬ್ದ ಕೆಡುತ್ತದೆ ಅಷ್ಟೇ. ಕಲೆಕ್ಟರ್-ಬೇಸ್ ಕಡೆ ಇದ್ದು ಓಪನ್ ಆದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಪೂರ್ತಿ ತೆರೆದುಕೊಂಡು ಸುಟ್ಟುಹೋಗುತ್ತವೆ. ಹೀಗೆ ಕಟ್ಟಿದ ಬೋರ್ಡ್ ಸಿಕ್ಕರೆ ಔಟ್‌ಪುಟ್ ಬದಲಿಸುವ ಮೊದಲು ಪ್ರಿಸೆಟ್ ಜಾಗ ಬದಲಿಸಿ.

ಯಾವ ಲೆಕ್ಕಕ್ಕೂ ಸಿಗದ ರೀಡಿಂಗ್

ಕರೆಂಟ್ ಹರಿಯುತ್ತಿದೆ, ಆದರೆ ಬೇಸ್-ಎಮಿಟರ್ 0.3 ತೋರಿಸುತ್ತದೆ. ಪ್ರೋಬ್ ಬೇಸಿಗೆ ತಾಗಿಸಿದರೆ ಕಲೆಕ್ಟರ್ ವೋಲ್ಟೇಜ್ ಜಿಗಿಯುತ್ತದೆ. ಬೆರಳು ಹತ್ತಿರ ತಂದರೂ ಬದಲಾಗುತ್ತದೆ. ರೆಸಿಸ್ಟರುಗಳೆಲ್ಲ ಸರಿ, ಟ್ರಾನ್ಸಿಸ್ಟರೂ ಸರಿ. ಇಂಥ ಕಡೆ ಸ್ಟೇಜ್ ಆಸಿಲೇಟ್ ಆಗುತ್ತಿದೆ (ತಾನೇ ಸಿಗ್ನಲ್ ಹುಟ್ಟಿಸುತ್ತಿದೆ) ಅಂತಲೇ ಹಿಡಿಯಿರಿ. ಬಿಸಿ547ರಂಥ ಸಾಮಾನ್ಯ ಟ್ರಾನ್ಸಿಸ್ಟರ್ ಕೂಡ ನೂರಾರು ಮೆಗಾಹರ್ಟ್ಸ್ ತನಕ ಕೆಲಸ ಮಾಡಬಲ್ಲದು. ಉದ್ದನೆಯ ವೈರ್, ಬ್ರೆಡ್‌ಬೋರ್ಡಿನ ಸಾಲುಗಳು ಇದ್ದರೆ ಅದಕ್ಕೆ ಅಷ್ಟೇ ಸಾಕು. ಸ್ಕೋಪಿನ ಪ್ರೋಬೇ ಆಸಿಲೇಶನ್ ನಿಲ್ಲಿಸಿಬಿಡುವುದೂ ಉಂಟು, ಹಾಗಾಗಿ ಸ್ಕೋಪಿನಲ್ಲಿ ಕಾಣಲಿಲ್ಲ ಅಂತ ಬಿಡಬೇಡಿ.

ಬೇಸ್ ಕಾಲಿನ ಪಕ್ಕದಲ್ಲೇ 100 ಓಮ್ ಸೀರೀಸ್ ಹಾಕಿ. ಸಪ್ಲೈಯಿಂದ ಗ್ರೌಂಡಿಗೆ, ಸ್ಟೇಜಿನ ಪಕ್ಕದಲ್ಲೇ, 100 ನ್ಯಾನೋ ಫ್ಯಾರಡ್ ಸೆರಾಮಿಕ್ ಹಾಕಿ, ಕಾಲು ಗಿಡ್ಡ ಇರಲಿ. ಆಮೇಲೆ ಮೂರು ವೋಲ್ಟೇಜ್ ಮತ್ತೆ ಅಳೆಯಿರಿ. ಆಸಿಲೇಶನ್ ನಿಂತಿದ್ದರೆ ಅವು ಲೆಕ್ಕಕ್ಕೆ ಬಂದಿರುತ್ತವೆ. ಬಂದಿಲ್ಲ ಅಂದರೆ 100 ಓಮನ್ನು 220 ಮಾಡಿ ನೋಡಿ, ಇನ್‌ಪುಟ್ ಮತ್ತು ಔಟ್‌ಪುಟ್ ವೈರುಗಳನ್ನು ಒಂದಕ್ಕೊಂದು ದೂರ ಸರಿಸಿ.